ಸೂರಿನ ಹನಿ

ಮಳೆ ಹನಿಯತೊಡಗಿತೆಂದರೆ ಸಾಕು, ಅಫ್ರಾ ಕೈಯಲ್ಲಿದ್ದ ಕೆಲಸವನ್ನು ಅಲ್ಲೇ ಬಿಟ್ಟು ಇಗರ್ಜಿಯ ಹಿಂದಕ್ಕೆ ಹೊರಡುತ್ತಿದ್ದಳು. ಒಲೆಯ ಮೇಲೆ ಎಲೆಕೋಸಿನ ಸಾರು ಉಕ್ಕಲಿ, ಹೊರಗೆ ಹರವಿದ ಬಟ್ಟೆ ನೆನೆಯಲಿ, ಅವಳಿಗೆ ಲೆಕ್ಕವಿಲ್ಲ. ಉತ್ತರದ ಗೋಡೆಗೆ ಬೆನ್ನು ಕೊಟ್ಟು ನಿಂತು, ಮರದ ಹೆಂಚಿನ ಸೂರಿನಿಂದ ನೆಲಕ್ಕೆ ಬೀಳುವ ಹನಿಗಳನ್ನು ಕಣ್ತುಂಬ ನೋಡಿ, ತೊಯ್ದ ಕುಪ್ಪಸದಲ್ಲೇ ಮನೆಗೆ ಬರುವಳು. ಎರ್ಲಿಂಗ್ ಊರಿನ ಗಂಡಸರು ಇದನ್ನು ಹುಚ್ಚೆಂದರು. ಹೆಂಗಸರು ಏನೂ ಅನ್ನಲಿಲ್ಲ.

ಅಫ್ರಾ ಆ ಊರಿನ ಸೂಲಗಿತ್ತಿ. ಡಾನ್ಯೂಬ್ ನದಿಯ ಜೌಗು ದಂಡೆಯ ಮೇಲಿದ್ದ ಆ ಬವೇರಿಯದ ಹಳ್ಳಿಯಲ್ಲಿ ಅರ್ಧಕ್ಕರ್ಧ ಜನ ಅವಳ ಕೈಮೇಲೆ ಭೂಮಿಗೆ ಬಿದ್ದವರು. ಬಾಯಿ ಕೆಟ್ಟದ್ದು, ಕೈ ಒಳ್ಳೆಯದು ಎಂಬುದು ಅವಳ ವಿಷಯದಲ್ಲಿ ಎಲ್ಲರೂ ಒಪ್ಪಿದ್ದ ಮಾತು. ಹೆಂಡತಿಯ ನರಳಾಟ ಕೇಳಲಾರದೆ ಬಾಗಿಲಲ್ಲಿ ಅಳುತ್ತಾ ನಿಂತ ಗಂಡಂದಿರಿಗೆ, "ಮಾಡೋವಾಗ ಅಳಲಿಲ್ವಲ್ಲ ರಾಜ, ಈಗ ಹೋಗಿ ಸೌದೆ ಒಡಿ" ಎನ್ನುತ್ತಿದ್ದಳು. ಅವರು ಹೋಗಿ ಒಡೆಯುತ್ತಿದ್ದರು.

ಹುಟ್ಟಿದ ಕೂಸು ಅತ್ತರೆ ಅವಳ ಕೆಲಸ ಮುಗಿದಂತೆ. ಅಳದಿದ್ದರೆ ಅಲ್ಲಿಂದ ಬೇರೆಯೇ ಕಷ್ಟ ಶುರುವಾಗುತ್ತಿತ್ತು. ಉಸಿರಿಲ್ಲದೆ ಹುಟ್ಟಿದ್ದಕ್ಕೆ, ತಲೆಗೆ ನೀರು ಹೊಯ್ದು ದೇವರ ಮಗುವಾಗಿಸುವ ಜ್ಞಾನಸ್ನಾನವಿಲ್ಲ. ಜ್ಞಾನಸ್ನಾನವಿಲ್ಲದ್ದಕ್ಕೆ ಇಗರ್ಜಿಯ ಪಕ್ಕದ ಸ್ಮಶಾನದ ಗೋಡೆಯೊಳಗೆ ಮಣ್ಣಿಲ್ಲ, ಮೇಲೆ ಹೋದರೆ ದೇವರ ಮುಖವೂ ಇಲ್ಲ. ನೇಣು ಹಾಕಿಕೊಂಡವರು, ಊರು ಹೆಸರಿಲ್ಲದ ತಿರುಕರು ಬಿದ್ದಿರುವ ಗೋಡೆಯಾಚೆಯ ಮುಳ್ಳುಕಂಟಿಯೇ ಅದಕ್ಕೂ ಗತಿ. ಒಂಬತ್ತು ತಿಂಗಳು ಹೊತ್ತವಳಿಗೆ ಇದನ್ನು ಹೇಳುವ ಕೆಲಸವೂ ಸೂಲಗಿತ್ತಿಯದೇ.

ಅವಳು ಹುಡುಗಿಯಾಗಿದ್ದಾಗ ಇದಕ್ಕೊಂದು ದಾರಿ ಇತ್ತು. ಗುಡ್ಡದ ಮೇಲೆ ದೇವಮಾತೆ ಮರಿಯಳ ಸಣ್ಣ ಗುಡಿ. ಸತ್ತು ಹುಟ್ಟಿದ ಕೂಸುಗಳನ್ನು ಎಷ್ಟೋ ದೂರದಿಂದ ಬುಟ್ಟಿಯಲ್ಲಿಟ್ಟು ಅಲ್ಲಿಗೆ ಹೊತ್ತು ತರುತ್ತಿದ್ದರು. ಅಫ್ರಾಳ ಸೋದರತ್ತೆ ಅಲ್ಲಿಯ ಸೇವಕಿ. ಕೂಸನ್ನು ಬಲಿಪೀಠದ ಮುಂದೆ ಮಲಗಿಸಿ, ಎರಡೂ ಬದಿ ಕೆಂಡದ ಮಡಕೆಯಿಟ್ಟು, ಮೈ ಬೆಚ್ಚಗಾಗುವವರೆಗೆ ಕಾದು, ತುಟಿಯ ಮೇಲೆ ಒಂದು ಬಾತುಕೋಳಿಯ ಮೆದುಗರಿ ಇಡುತ್ತಿದ್ದಳು. ಗರಿ ಅಲುಗಿದರೆ ಕೂಸಿಗೆ ಒಂದು ಗಳಿಗೆ ಜೀವ ಬಂತೆಂದು ಅರ್ಥ. ಆ ಗಳಿಗೆಯಲ್ಲೇ, ಯಾರ ಕೈಯಿಂದಲಾದರೂ, ತಲೆಗೆ ನೀರು ಬೀಳಬೇಕು. ಆಮೇಲೆ ಅದು ಮತ್ತೆ ಸತ್ತರೂ ಚಿಂತೆಯಿಲ್ಲ, ಗೋಡೆಯೊಳಗೆ ಮಲಗುವ ಹಕ್ಕು ಬಂದಾಯಿತು. ಅಪ್ಪ ಅಮ್ಮ ನೆಲಕ್ಕೆ ಹಣೆ ಹಚ್ಚಿ ಅಳುತ್ತಿದ್ದರು. ಅಂಥ ಸಂತೋಷದ ಅಳು ಅಫ್ರಾ ಇನ್ನೆಲ್ಲೂ ಕೇಳಲಿಲ್ಲ.

ಒಂದು ದಿನ ಕೆಂಡ ಬದಲಿಸುವಾಗ ಅವಳು ಕಂಡಳು. ಅತ್ತೆ ಬಗ್ಗಿ ಜಪ ಮಾಡುತ್ತಿದ್ದಳು, ತುಟಿ ಗರಿಯ ಹತ್ತಿರವೇ ಇತ್ತು.

"ನೀನೇ ಊದಿದೆ ಅತ್ತೆ," ಎಂದಳು ಹುಡುಗಿ, ಹೊರಗೆ ಬಂದ ಮೇಲೆ.

"ಉಸಿರಾಡಿದೆ. ಉಸಿರಾಡೋದೂ ಪಾಪವೇನೇ?"

"ಅದು ಕೂಸಿನ ಉಸಿರಲ್ವಲ್ಲ."

"ಅದರ ಅಮ್ಮನ ಮುಖ ನೋಡಿದ್ಯಾ? ನೋಡಿದ್ರೆ ಬಾಯ್ಮುಚ್ಕೊಂಡು ಕೆಂಡ ತಾ."

ಅಫ್ರಾ ಬಾಯಿ ಮುಚ್ಚಿಕೊಂಡಳು. ಆದರೆ ಕಂಡದ್ದನ್ನು ಮರೆಯಲಿಕ್ಕೆ ಆಗಲಿಲ್ಲ. ಅವಳು ಮದುವೆಯಾದ ವರ್ಷ, ಇದೆಲ್ಲ ಮೋಸವೆಂದು ಇಗರ್ಜಿಯ ಮೇಲಿನವರ ಆಜ್ಞೆ ಬಂದು ಗುಡ್ಡದ ಗುಡಿಗೆ ಬೀಗ ಬಿತ್ತು. ಅದರ ಮುಂದಿನ ವಸಂತದಲ್ಲಿ ಅವಳದೇ ಕೂಸು, ಗಂಡು, ಉಸಿರಿಲ್ಲದೆ ಹುಟ್ಟಿತು. ಬಾಣಂತಿ ತಾನೇ ಎದ್ದು ಕೆಂಡ ಹೊತ್ತಿಸಿದಳು, ತಾನೇ ಗರಿ ಇಟ್ಟಳು. ಗರಿ ಅಲುಗಿತು. ಆದರೆ ತನ್ನ ಉಸಿರು ತನಗೆ ಗೊತ್ತಿರುವುದಿಲ್ಲವೇ? ನೀರಿನ ಲೋಟ ಕೈಯಲ್ಲಿ ಹಿಡಿದೇ ಕೂತಳು. ಊರಿನ ಎಷ್ಟೋ ಜನರನ್ನು ಸಮಾಧಾನ ಮಾಡಿದ ಸುಳ್ಳು ಅವಳೊಬ್ಬಳಿಗೆ ಮಾತ್ರ ಒದಗಲಿಲ್ಲ. ಅದೊಂದು ಘೋರ ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಉಳಿದದ್ದು ಸೂರು. ಇದನ್ನು ಯಾವ ಪಾದ್ರಿಯೂ ಕಲಿಸಿದ್ದಲ್ಲ, ತಾಯಂದಿರು ತಾಯಂದಿರಿಗೆ ಹೇಳಿಕೊಟ್ಟದ್ದು. ಕೂಸನ್ನು ಗುಟ್ಟಾಗಿ ಇಗರ್ಜಿಯ ಸೂರಿನ ಕೆಳಗೆ, ಗೋಡೆಗೆ ಒತ್ತಿ ಹೂಳಬೇಕು. ಮಳೆನೀರು ದೇವರ ಮನೆಯ ಮಾಡಿನ ಮೇಲೆ ಹರಿದು, ಪವಿತ್ರವಾಗಿ, ಹನಿಹನಿಯಾಗಿ ಅದರ ತಲೆಯ ಮೇಲೆ ಬೀಳುತ್ತದೆ. ಪಾದ್ರಿ ಕೊಡದ ಜ್ಞಾನಸ್ನಾನವನ್ನು ಆಕಾಶ ಕೊಡುತ್ತದೆ, ಒಂದು ಸಲವಲ್ಲ, ಪ್ರತಿ ಮಳೆಗೂ. ಅಫ್ರಾ ತನ್ನ ಮಗನನ್ನು ಅಲ್ಲಿ ಇಟ್ಟು ಬಂದಳು. ಗಂಡ ನದಿಯಲ್ಲಿ ತೆಪ್ಪ ನಡೆಸುವವನು, ಕೆಲವು ವರ್ಷಕ್ಕೆ ನದಿಗೇ ಹೋದ. ಆಮೇಲೆ ಅವಳಿಗೆ ಈ ಲೋಕದಲ್ಲಿ ತನ್ನದೆಂದು ಇದ್ದದ್ದು ಆ ಒಂದು ಗೇಣು ಒದ್ದೆ ನೆಲ.

ಹೀಗಿರುವಾಗ ಉಲ್ರಿಖ್ ಪಾದ್ರಿಗಳು ಊರಿಗೆ ಬಂದರು. ಕೆಟ್ಟವರಲ್ಲ. ಜೇನು ಸಾಕುತ್ತಿದ್ದರು, ಬಡವರ ಹೆಣಕ್ಕೆ ದುಡ್ಡು ಮುಟ್ಟುತ್ತಿರಲಿಲ್ಲ. ಆದರೆ ಮೇಲಿನವರ ಮಾತೆಂದರೆ ಅವರಿಗೆ ಕಲ್ಲಿನ ಗೆರೆ. ಗೋಡೆಯ ಬುಡದಲ್ಲಿ ಹೆಂಗಸರ ಗುದ್ದಲಿಯ ಗುರುತು ಕಂಡು ಅವರಿಗೆ ವಿಷಯ ತಿಳಿಯಿತು. ಯಾರನ್ನೂ ಬೈಯಲಿಲ್ಲ. ಬಡಗಿಯನ್ನು ಕರೆಸಿ, ಸೂರಿನ ಉದ್ದಕ್ಕೂ ನೀರು ಹಿಡಿಯುವ ಮರದ ದೋಣಿ ಕಟ್ಟಿಸಿ, ಮೂಲೆಯ ಪೀಪಾಯಿಗೆ ಹರಿಯುವಂತೆ ಮಾಡಿದರು. ಕೇಳಿದವರಿಗೆ "ಗೋಡೆ ತೇವ ಹಿಡೀತಿತ್ತು" ಎಂದರು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಅಂದಿನಿಂದ ಎಂಥ ಮಳೆ ಬಂದರೂ ಆ ಒಂದು ಗೇಣು ನೆಲ ಒಣಗಿಯೇ ಇತ್ತು. ಅಫ್ರಾ ಹೋಗಿ ನಿಲ್ಲುವುದನ್ನು ಬಿಡಲಿಲ್ಲ. ಪೀಪಾಯಿಯಿಂದ ಮೊಗೆದು ಸುರಿಯಬಹುದಿತ್ತು. ಸುರಿದರೆ ಅದು ತನ್ನ ಕೈಯ ನೀರಾಯಿತು, ಆಕಾಶದ್ದಲ್ಲ. ಗರಿಯ ಕಥೆಯೇ ಮತ್ತೆ.

ಅದೇ ಚಳಿಗಾಲ ಊರಿನ ಹೆಂಡದಂಗಡಿಯ ಮಾಳಿಗೆಗೆ ಹಾಸ್ಲರ್ ಎಂಬ ಡಾಕ್ಟರು ಬಂದು ಇಳಿದ. ಪಟ್ಟಣದಲ್ಲಿ ಓದಿದವನು, ಮುಖದಲ್ಲಿ ರಕ್ತವಿಲ್ಲದ ಎಳೆಯ ಪ್ರಾಯದವನು. ಜೊತೆಗೆ ತಂದ ಪೆಟ್ಟಿಗೆಯಲ್ಲಿ ಒಂದು ಗಾಜಿನ ಗೋಳ, ಅದನ್ನು ತಿರುಗಿಸುವ ಚಕ್ರ, ಒಳಗೆ ತಗಡು ಹೊದಿಸಿದ ಶೀಶೆ, ಹಿತ್ತಾಳೆಯ ಗುಂಡಿರುವ ತಂತಿಗಳು. ಚಕ್ರ ತಿರುಗಿಸಿದರೆ ಶೀಶೆಯಲ್ಲಿ ಮಿಂಚು ಕೂಡಿಕೊಳ್ಳುತ್ತದೆ, ಆ ಮಿಂಚೇ ಜೀವ, ಸತ್ತ ಕಪ್ಪೆಯ ಕಾಲು ಅದರಿಂದ ಒದೆಯುವುದನ್ನು ತಾನು ಕಂಡಿದ್ದೇನೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುವನು. ಅವನ ತಾಯಿ ಅವನನ್ನು ಹೆತ್ತು ಸತ್ತವಳಂತೆ. ಸಾವನ್ನೇ ಸೋಲಿಸುತ್ತೇನೆಂದು ಹಟ ಹಿಡಿದವರ ಮನೆಯಲ್ಲಿ ಹೀಗೊಂದು ಹೆಣ ಇರುತ್ತದೆ.

ಅವನು ಅಫ್ರಾಳ ಬಾಗಿಲಿಗೂ ಬಂದ. "ಅಮ್ಮ, ಇನ್ಮೇಲೆ ಸತ್ತು ಹುಟ್ಟಿದ್ದು ಇದ್ರೆ ನನಗೆ ಹೇಳಿ ಕಳಿಸಿ. ತಣ್ಣಗಾಗೋ ಮುಂಚೆ."

"ಬಿಸಿಬಿಸಿ ಮಾರೋಕೆ ಇದೇನು ಬಾತುಕೋಳಿ ವ್ಯಾಪಾರವಾ? ನಡೀರಿ ಆಚೆ!" ಅಫ್ರಾ ಪೊರಕೆ ಎತ್ತಿದಳು.

ಅವನು ಮೆಟ್ಟಿಲಿಳಿಯುತ್ತಾ ನಕ್ಕ. "ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಅಮ್ಮ? ಒಂದಲ್ಲ ಒಂದಿನ ನೀವೇ ಕರೀತೀರ."

ಕರೆಯುವ ದಿನ ಬಂತು. ಮೇಣದಬತ್ತಿ ಹಬ್ಬದ ಹಿಂದಿನ ದಿನ, ಬುಟ್ಟಿ ಹೆಣೆಯುವ ಕಿಲಿಯನ್ನನ ಹೆಂಡತಿ ಜೆಂಜಿಗೆ ಬಹಳ ಹೊತ್ತು ಬೇನೆ ತಿಂದು ಬೆಳಗಿನ ಬಿಸಿಲಿಗೆ ಹೆಣ್ಣು ಕೂಸು ಹುಟ್ಟಿತು. ಉಸಿರಿಲ್ಲ. ಅಫ್ರಾ ಬೆನ್ನು ತಟ್ಟಿದಳು, ಬಾಯಿಗೆ ಬಾಯಿಟ್ಟು ಊದಿದಳು, ಬಿಸಿನೀರಿಗೆ ತಣ್ಣೀರಿಗೆ ಅದ್ದಿದಳು. ಏನೂ ಇಲ್ಲ.

"ಅಫ್ರಮ್ಮ," ಎಂದಳು ಜೆಂಜಿ ಹಾಸಿಗೆಯಿಂದ, "ಅವಳನ್ನ ಮುಳ್ಳುಕಂಟಿಗೆ ಹಾಕಿಸ್ಬೇಡಿ. ನಾಯಿ ಕೆದರ್ತವೆ."

ಕಿಲಿಯನ್ ಪಾದ್ರಿಗಳ ಹತ್ತಿರ ಓಡಿಹೋಗಿ ಬಂದ. ಹೋದಾಗಿನ ಮುಖವೇ ತಂದಿದ್ದ. ಗರಿ ಗಿರಿ ಇನ್ನು ನಡೆಯುವುದಿಲ್ಲ, ಕೂಸಿಗೆ ಜೀವವಿತ್ತೆಂದು ಓದಿದ ವೈದ್ಯನೊಬ್ಬ ದೇವರ ಮುಂದೆ ಹೇಳಿದರೆ ಮಾತ್ರ ಗೋಡೆಯೊಳಗೆ ಜಾಗ, ಮೇಲಿನವರ ಅಪ್ಪಣೆ ಹಾಗಿದೆ ಎಂದಿದ್ದರಂತೆ.

ಅಫ್ರಾ ಒಂದು ಕ್ಷಣ ಕೂಸನ್ನು ನೋಡಿದಳು. ಆಮೇಲೆ ಶಾಲು ಹೊದ್ದು, ಪೊರಕೆ ತೋರಿಸಿ ಓಡಿಸಿದ್ದ ಆ ಮನುಷ್ಯನ ಮಾಳಿಗೆಯ ಮೆಟ್ಟಿಲು ಹತ್ತಿದಳು. ಅಹಂಕಾರ ಅವಳಿಗೂ ಇತ್ತು, ಆದರೆ ಆ ಹೊತ್ತಿಗೆ ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು.

"ಬನ್ನಿ ಡಾಕ್ಟ್ರೇ," ಎಂದಳು. "ಪೆಟ್ಟಿಗೆ ತನ್ನಿ."

ಗಾಜಿನ ಗೋಳ ಜೆಂಜಿಯ ಅಡುಗೆಮನೆಯ ಮೇಜಿನ ಮೇಲೆ ಏರಿತು. ಹಾಸಿಗೆ ಅದೇ ಕೋಣೆಯ ಮೂಲೆಯಲ್ಲಿ. ಕೂಸನ್ನು ರೊಟ್ಟಿ ನಾದುವ ಹಲಗೆಯ ಮೇಲೆ ಮಲಗಿಸಿದರು, ಬೇರೆ ಜಾಗವಿರಲಿಲ್ಲ. ಕಿಲಿಯನ್ ಚಕ್ರ ತಿರುಗಿಸಲು ನಿಂತ. ಅಫ್ರಾ ಒಂದು ಕೈಯಲ್ಲಿ ನೀರಿನ ಲೋಟ ಹಿಡಿದು, ಇನ್ನೊಂದು ಕೈಯ ಬೆರಳನ್ನು ಕೂಸಿನ ಅಂಗೈಯಲ್ಲಿಟ್ಟಳು. ಡಾಕ್ಟರು ಹಿತ್ತಾಳೆಯ ಗುಂಡನ್ನು ಪುಟ್ಟ ತೋಳಿಗೆ ತಾಕಿಸಿದ. ಚಟಕ್ಕೆಂದಿತು. ಅಫ್ರಾಳ ತೋಳಿಗೂ ಹೊಡೆಯಿತು. ಅದರ ಜೊತೆಗೇ ಕೂಸಿನ ಮುಷ್ಟಿ ಅವಳ ಬೆರಳನ್ನು ಹಿಡಿದುಕೊಂಡಿತು.

ಅವಳು ಎಷ್ಟೋ ಮುಷ್ಟಿಗಳನ್ನು ಬಲ್ಲವಳು. ಇದೂ ಹಾಗೆಯೇ ಹಿಡಿಯಿತು. ಅವಳು ನೀರು ಸುರಿದಳು. "ಮರಿಯಾ, ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ಜ್ಞಾನಸ್ನಾನ..." ಇಷ್ಟಕ್ಕೇ ಅವಳು ಬಂದದ್ದು. ಇಷ್ಟು ಆಯಿತು.

"ಸಾಕು ಡಾಕ್ಟ್ರೇ," ಎಂದಳು.

ಅವನಿಗೆ ಅದು ಕೇಳಿಸಲಿಲ್ಲ. ಕಣ್ಣು ಕೆಂಡವಾಗಿತ್ತು. "ತಿರುಗಿಸಯ್ಯ, ನಿಲ್ಲಿಸ್ಬೇಡ! ನೋಡಿ, ದವಡೆ ನೋಡಿ! ಉಸಿರು ತಗೊಳ್ಳುತ್ತೆ ಈಗ!" ಕಿಲಿಯನ್ ಅಳುತ್ತಾ ತಿರುಗಿಸಿದ. ಎದೆ ಎದ್ದಿತು, ಬಿತ್ತು. ಕಾಲು ಸೆಟೆಯಿತು. ಬಾಯಿ ತೆರೆದು ಮುಚ್ಚಿತು, ಸದ್ದಿಲ್ಲ. ಗುಂಡು ತಾಕಿದಲ್ಲೆಲ್ಲ ಎಳೆಯ ಚರ್ಮದ ಮೇಲೆ ಕಂದು ಚುಕ್ಕೆಗಳು ಮೂಡಿ, ಸುಟ್ಟ ಕೂದಲಿನಂಥ ವಾಸನೆ ಹಬ್ಬಿತು. ಅಫ್ರಾ ಕೂಸಿನ ಬಗ್ಗೆ ಎಲ್ಲ ಯೋಚಿಸಿದ್ದಳು, ಮೂಲೆಯ ಹಾಸಿಗೆಯಿಂದ ಎರಡು ಕಣ್ಣುಗಳು ಇದನ್ನೆಲ್ಲ ನೋಡುತ್ತಿವೆ ಎಂಬುದನ್ನು ಮರೆತಿದ್ದಳು. ಎಂಥ ತಪ್ಪು ಮಾಡಿದೆ ಎಂದು ಆಗ ತಿಳಿಯಿತು.

ಜೆಂಜಿ ಎದ್ದು ಬಂದಿದ್ದಳು, ಗೋಡೆ ಹಿಡಿದುಕೊಂಡು. "ನನ್ನ ಮಗು ಕೊಡಿ. ಅದಕ್ಕೆ ಹಾಲು ಕುಡಿಸ್ಬೇಕು."

ಅವಳೇ ಹಲಗೆಯಿಂದ ಕೂಸನ್ನು ಎತ್ತಿ ಎದೆಗೆ ಹಚ್ಚಿಕೊಂಡಳು. ಅದರ ಒಂದು ಕಣ್ಣು ಅರೆ ತೆರೆದಿತ್ತು, ಮೋಡ ಕವಿದ ಹಾಗೆ. "ನೋಡಿ ಡಾಕ್ಟ್ರೇ," ಎಂದಳು, "ನಿಮ್ಮನ್ನೇ ನೋಡ್ತಿದೆ."

ಡಾಕ್ಟರು ನೋಡಿದ. ತಂತಿ ಕೈಯಿಂದ ಜಾರಿ ಬಿತ್ತು. ಅದನ್ನು ಎತ್ತಿಕೊಳ್ಳದೆ, ಟೋಪಿಯನ್ನೂ ತೆಗೆದುಕೊಳ್ಳದೆ ಹಿಮದೊಳಗೆ ಹೊರಟುಹೋದ.

ಮಧ್ಯಾಹ್ನದ ಗಂಟೆ ಹೊಡೆಯುವ ಮುಂಚೆ ಅಫ್ರಾ ಮತ್ತೆ ಮಾಳಿಗೆ ಹತ್ತಿದಳು. ಅವನು ಬಟ್ಟೆಬರೆ ಕಟ್ಟುತ್ತಿದ್ದ.

"ಪಾದ್ರಿಗಳ ಮುಂದೆ ಒಂದು ಮಾತು ಹೇಳ್ಬೇಕು ನೀವು. ಕೂಸಿಗೆ ಜೀವ ಇತ್ತು ಅಂತ. ಅಷ್ಟೇ."

"ಇರಲಿಲ್ಲ ಅಮ್ಮ. ಅದು ಬರೀ ಮಿಂಚು."

"ಮಿಂಚೇ ಜೀವ ಅಂತ ಊರೆಲ್ಲ ಡಂಗುರ ಹೊಡೆದ್ರಲ್ಲ, ಯಾರ ಬಾಯಿ ಅದು?"

ಅವನು ಮಂಚದ ಮೇಲೆ ಕುಸಿದು ಕೂತ. "ಬದುಕಿತ್ತು ಅಂತ ನಾನು ಹೇಳಿದ್ರೆ, ಚಕ್ರ ನಿಂತಾಗ ಸತ್ತಿದ್ದೂ ಅದೇ ಅಲ್ವಾ? ಬದುಕಿಸಿದವನೂ ನಾನೇ, ಬಿಟ್ಟು ಓಡಿ ಬಂದವನೂ ನಾನೇ. ಕೊಂದವನು ನಾನಾಗ್ತೀನಿ."

"ಆಗಿ," ಎಂದಳು ಅಫ್ರಾ. ಬೈಯುವ ದನಿಯಲ್ಲಲ್ಲ. "ಹೆತ್ತೋರೆಲ್ಲ ಅದನ್ನೇ ಹೊರ್ತಾರೆ ಡಾಕ್ಟ್ರೇ. ಬಿದ್ದೆನೋ, ಭಾರ ಎತ್ತಿದೆನೋ, ಏನು ತಿಂದೆನೋ, ನಾನೇ ಕೊಂದೆನೋ ಅಂತ ಸಾಯೋವರ್ಗೂ ಹೊರ್ತಾರೆ. ನೀವೂ ಸ್ವಲ್ಪ ಹೊರಿ. ಕೂಸಿಗೊಂದು ಜಾಗ ಸಿಗುತ್ತೆ."

ಅವನು ಅವಳ ಜೊತೆ ಬಂದದ್ದೇನೋ ನಿಜ. ಇಗರ್ಜಿಯ ಹಿಂದೆ, ಆ ಉತ್ತರದ ಗೋಡೆಯ ಹತ್ತಿರವೇ ಪಾದ್ರಿಗಳು ಕಾಯುತ್ತಿದ್ದರು. ಹೆತ್ತವಳು ಶುದ್ಧಿಯಾಗುವವರೆಗೆ ಇಗರ್ಜಿಯ ಹೊಸ್ತಿಲು ತುಳಿಯುವಂತಿಲ್ಲವಾದ್ದರಿಂದ ಜೆಂಜಿ ಹೊರಗೆ ಕಲ್ಲಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಕಿಲಿಯನ್ ತೊಟ್ಟಿಲೆಂದು ಹೆಣೆದ ಬುಟ್ಟಿ.

"ಡಾಕ್ಟ್ರೇ, ದೇವರ ಮುಂದೆ ಹೇಳಿ. ಈ ಕೂಸಿಗೆ ಜೀವ ಇತ್ತೋ, ಇರಲಿಲ್ವೋ?" ಎಂದು ಪಾದ್ರಿಗಳು ಕೇಳಿದರು.

ಡಾಕ್ಟರು ಬುಟ್ಟಿಯ ಕಡೆ ತಿರುಗಲೇ ಇಲ್ಲ. ನೆಲ ನೋಡಿಕೊಂಡು, "ಇರಲಿಲ್ಲ," ಎಂದ.

ಅಷ್ಟು ಹೇಳಿ ಹೊರಟುಹೋದ. ಅವನು ಸುಳ್ಳಾಡಲಿಲ್ಲ, ಅದು ಸರಿ. ಆದರೆ ನಿಜ ಹೇಳಿ ಜಾರಿಕೊಂಡವರನ್ನು ನಾನು ಸುಳ್ಳುಗಾರರಿಗಿಂತ ಕೆಳಗೆ ಇಡುತ್ತೇನೆ.

"ಕೇಳಿದ್ಯಲ್ಲ ಮಗಳೇ," ಎಂದರು ಪಾದ್ರಿಗಳು. "ನನ್ನ ಕೈಲಿ ಏನಿದೆ?"

ಜೆಂಜಿ ತಲೆ ಎತ್ತಿದಳು. "ನನಗೆ ಗೊತ್ತಿತ್ತು ಸ್ವಾಮಿ."

"ಏನು?"

"ಅದು ಸತ್ತಿದೆ ಅಂತ. ಮುಷ್ಟಿ ಹಿಡಿದಾಗ್ಲೂ ಗೊತ್ತಿತ್ತು. ಒಳಗೆ ಆಡ್ತಿದ್ದ ಮಗು ಒದೆಯೋದು ನನಗೆ ಗೊತ್ತಿಲ್ವಾ? ಹಲಗೆ ಮೇಲಿನ ಒದೆತ ಹಾಗಿರಲಿಲ್ಲ." ಅವಳು ಬುಟ್ಟಿಯ ಬಟ್ಟೆ ಸರಿಮಾಡಿದಳು. "ಅವನು ನಿಲ್ಲಿಸ್ತಾ ಇರಲಿಲ್ಲ. ಸುಡ್ತಾ ಇದ್ದ. ಹಾಲು ಕುಡಿಸ್ತೀನಿ, ನಿಮ್ಮನ್ನ ನೋಡ್ತಿದೆ ಅಂದ್ರೆ ಬಿಟ್ಟಾನು ಅಂತ ಹಾಗಂದೆ. ಬಿಟ್ಟ. ನಿಮ್ಮ ಗೋಡೆಗೋಸ್ಕರ ನನ್ನ ಮಗುವನ್ನ ಅಷ್ಟು ಕುಣಿಸಿದ್ದು ಸಾಕು ಸ್ವಾಮಿ. ಇನ್ನು ನಾನು ಕೇಳಲ್ಲ."

ಅಫ್ರಾ ಅವಳ ಪಕ್ಕದಲ್ಲಿ ಕೂತುಬಿಟ್ಟಳು. ಲೋಟ ಹಿಡಿದು ಕೂತಿದ್ದ ತನ್ನ ಆ ವಸಂತ ನೆನಪಾಯಿತು. ಊರಿನ ಮುಂದೆ ಎಂದೂ ಹೇಳದ ಮಾತನ್ನು, ಪಾದ್ರಿಗಳು ಕೇಳುತ್ತಿದ್ದರೂ ಲೆಕ್ಕಿಸದೆ, ಗೋಡೆಯ ಬುಡ ತೋರಿಸಿ ಹೇಳಿದಳು: "ನನ್ನ ಮಗ ಇಲ್ಲೇ ಇದಾನೆ ಕಣೇ. ದೋಣಿ ಕಟ್ಟಿದಾಗಿಂದ ಒಂದು ಹನಿ ನೀರು ಕಂಡಿಲ್ಲ ಅವನು."

ಪಾದ್ರಿಗಳು ತಲೆ ಎತ್ತಿ ದೋಣಿಯನ್ನು ನೋಡಿದರು. ಆಮೇಲೆ ಒಳಗೆ ಹೋದರು.

ಮರುದಿನ ಹಬ್ಬದ ಪೂಜೆ ಮುಗಿದು, ಜನ ಮೇಣದಬತ್ತಿ ಹಿಡಿದು ಹೊರಬರುವಾಗ ಹಿಂದುಗಡೆ ದಡದಡ ಸದ್ದು. ಓಡಿಹೋಗಿ ನೋಡಿದರೆ ಉಲ್ರಿಖ್ ಪಾದ್ರಿಗಳು ಕಚ್ಚೆ ಕಟ್ಟಿದವರಂತೆ ನಿಲುವಂಗಿಯನ್ನು ಸೊಂಟಕ್ಕೆ ಸಿಕ್ಕಿಸಿ, ಏಣಿಯ ಮೇಲೆ ನಿಂತು, ಕೊಡಲಿಯ ಹಿಂಬದಿಯಿಂದ ದೋಣಿಯನ್ನು ಹೊಡೆದು ಉರುಳಿಸುತ್ತಿದ್ದಾರೆ.

"ಯಾಕೆ ಸ್ವಾಮಿ, ಚೆನ್ನಾಗೇ ಇತ್ತಲ್ಲ?" ಎಂದ ಬಡಗಿ, ತನ್ನ ಕೆಲಸ ಮಣ್ಣುಪಾಲಾಗುವುದನ್ನು ನೋಡಲಾರದೆ.

"ಸೋರ್ತಿತ್ತು," ಎಂದರು ಪಾದ್ರಿಗಳು, ಅವನ ಕಡೆ ನೋಡದೆ.

ಸ್ಮಶಾನದ ಗೋಡೆಯೊಳಗೆ ಅವರು ಜಾಗ ಕೊಡಲಿಲ್ಲ, ಕೊಡುವ ಧೈರ್ಯ ಅವರಿಗಿರಲಿಲ್ಲ. ಆದರೆ ಆ ದಿನ ಸಂಜೆಗೆ ಮುಂಚೆ ಇಬ್ಬರು ಹೆಂಗಸರು ಸೂರಿನ ಕೆಳಗೆ ಅಗೆಯುವಾಗ ಅವರು ಜೇನುಪೆಟ್ಟಿಗೆಗಳ ಕಡೆ ಮುಖ ಮಾಡಿ ನಿಂತಿದ್ದರು. ಚಳಿಗಾಲದಲ್ಲಿ ಜೇನುಪೆಟ್ಟಿಗೆಯಲ್ಲಿ ನೋಡುವುದಕ್ಕೆ ಏನಿರುತ್ತದೆ?

ಡಾಕ್ಟರ ಸುದ್ದಿ ಆಮೇಲೆ ಬರಲಿಲ್ಲ. ಅವನು ಬಿಟ್ಟುಹೋದ ಗಾಜಿನ ಗೋಳದಲ್ಲಿ ಹೆಂಡದಂಗಡಿಯವಳು ಸೌತೆಕಾಯಿ ಉಪ್ಪಿಗೆ ಹಾಕಿದಳು. ಜೆಂಜಿಗೆ ಮುಂದೆ ಮಕ್ಕಳಾದವು, ಗಟ್ಟಿಗಂಟಲಿನವು, ಎಲ್ಲ ಅಫ್ರಾಳ ಕೈಮೇಲೆ. ಅಫ್ರಾ ಬೈಯುತ್ತಾ, ಊರಿನ ಮಕ್ಕಳನ್ನು ಹಿಡಿಯುತ್ತಾ, ಮಳೆ ಬಂದಾಗ ಗೋಡೆಗೆ ಒರಗಿ ನಿಲ್ಲುತ್ತಾ ಮುದುಕಿಯಾದಳು.

ಕೊನೆಯ ವರ್ಷ ಅವಳ ಕಾಲು ಬಿದ್ದುಹೋದವು. ಕಿಟಕಿಯ ಹತ್ತಿರದ ಹಾಸಿಗೆಯೇ ಗತಿಯಾಯಿತು. ಆಗ ಮಳೆ ಹನಿಯತೊಡಗಿತೆಂದರೆ ಜೆಂಜಿ ತನ್ನ ಮನೆಯ ಕೆಲಸವನ್ನು ಅಲ್ಲೇ ಬಿಟ್ಟು ಇಗರ್ಜಿಯ ಹಿಂದಕ್ಕೆ ಹೋಗುತ್ತಿದ್ದಳು. ನಿಂತು, ನೋಡಿ, ಆಮೇಲೆ ತೊಯ್ದ ತಲೆಯಲ್ಲೇ ಮುದುಕಿಯ ಹಾಸಿಗೆಯ ಬದಿಗೆ ಬಂದು ಕೂರುವಳು.

"ಬಿತ್ತೇನೇ?" ಎಂದು ಅಫ್ರಾ ಕೇಳುವಳು.

"ಬಿತ್ತು ಅಫ್ರಮ್ಮ. ಇಬ್ಬರ ಮೇಲೂ ಬಿತ್ತು."